ಬರೀ ಪಥ್ಯದಲ್ಲೇ ಶುಗರ್ ನಿಭಾಯಿಸುತ್ತಿದ್ದ ಕಾಲ ಹೇಗಿತ್ತು? ಡಾ. ಜೋಸ್ಲಿನ್ ಅವರ ಬದುಕಿನಲ್ಲಿದೆ ಉತ್ತರ

ಒಂದು ಫಾರ್ವರ್ಡ್ ಸಂದೇಶ ನಮ್ಮ ಫೋನಿಗೆ ಮತ್ತೆ ಮತ್ತೆ ಬರುತ್ತಿರುತ್ತದೆ. ಪ್ರತಿ ಸಲ ಪದಗಳು ಬೇರೆ, ತಿರುಳು ಮಾತ್ರ ಒಂದೇ. ಇನ್ಸುಲಿನ್ ಒಮ್ಮೆ ಶುರು ಮಾಡಿದರೆ ಚಟವಾಗುತ್ತದೆ, ಅದೆಲ್ಲ ಔಷಧ ಕಂಪನಿಗಳ ವ್ಯಾಪಾರ, ಹಿಂದಿನವರು ಬರೀ ಪಥ್ಯದಲ್ಲೇ ಸಕ್ಕರೆ ಕಾಯಿಲೆ ಗೆದ್ದಿದ್ದರು, ಆದ್ದರಿಂದ ಸೂಜಿ ಬಿಸಾಕಿ ಈ ಕಷಾಯ ಕುಡಿಯಿರಿ. ಕೊನೆಯಲ್ಲಿ, ಹತ್ತು ಜನರಿಗೆ ಕಳಿಸಿ ಎಂಬ ಮನವಿ.

ಇದರಲ್ಲಿ ಒಂದು ಮಾತನ್ನು ನಾವು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹಿಂದಿನವರು ಬರೀ ಪಥ್ಯದಲ್ಲೇ ನಿಭಾಯಿಸುತ್ತಿದ್ದರು ಎನ್ನುವುದು ನಿಜ. 1922ಕ್ಕೆ ಮೊದಲು ಇನ್ಸುಲಿನ್ ಔಷಧವಾಗಿ ಇರಲೇ ಇಲ್ಲ. ಪಥ್ಯ ಬಿಟ್ಟರೆ ಅವರಿಗೆ ಬೇರೆ ದಾರಿಯೂ ಇರಲಿಲ್ಲ. ಆದರೆ ಅವರು ಗೆದ್ದರೇ? ಯಾರು ಗೆದ್ದರು, ಯಾರು ಸೋತರು?

ಇದಕ್ಕೆ ನಾವು ಊಹೆ ಮಾಡಬೇಕಿಲ್ಲ. ಆ ಕಾಲವನ್ನೂ ಆಮೇಲಿನ ಕಾಲವನ್ನೂ ಕಣ್ಣಾರೆ ಕಂಡ, ತನ್ನ ಬಳಿ ಬಂದ ರೋಗಿಗಳ ವಿವರವನ್ನು ಸಾಲುಸಾಲಾಗಿ ಬರೆದಿಟ್ಟ ಒಬ್ಬ ವೈದ್ಯರಿದ್ದರು. ಹೆಸರು ಎಲಿಯಟ್ ಪ್ರಾಕ್ಟರ್ ಜೋಸ್ಲಿನ್. ಅಮೆರಿಕದ ಬಾಸ್ಟನ್ ನಗರದಲ್ಲಿ ಇಂದಿಗೂ ಅವರ ಹೆಸರಿನಲ್ಲೇ ಮಧುಮೇಹದ ದೊಡ್ಡ ಚಿಕಿತ್ಸಾ ಕೇಂದ್ರವಿದೆ. ಪಥ್ಯವನ್ನು ಅವರಷ್ಟು ಗಟ್ಟಿಯಾಗಿ ನಂಬಿದ ವೈದ್ಯರು ಬಹಳ ಕಡಿಮೆ. ಅಂಥವರೇ ಇನ್ಸುಲಿನ್ ಕೈಗೆ ಸಿಕ್ಕಾಗ ಏನು ಮಾಡಿದರು ಎಂಬುದನ್ನು ತಿಳಿದರೆ ಆ ಫಾರ್ವರ್ಡ್‌ಗೆ ಉತ್ತರ ತಾನಾಗಿ ಸಿಗುತ್ತದೆ.

ಲೆಕ್ಕ ಬರೆದಿಟ್ಟ ಡಾಕ್ಟರ್

ಜೋಸ್ಲಿನ್ ಹುಟ್ಟಿದ್ದು 1869ರ ಜೂನ್ 6ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಆಕ್ಸ್‌ಫರ್ಡ್ ಎಂಬ ಸಣ್ಣ ಊರಿನಲ್ಲಿ. ಇದು ಇಂಗ್ಲೆಂಡಿನ ಆಕ್ಸ್‌ಫರ್ಡ್ ಅಲ್ಲ, ಅದೇ ಹೆಸರಿನ ಇನ್ನೊಂದು ಊರು. ಮನೆಯವರು ಅನುಕೂಲಸ್ಥರು. ಹುಡುಗ ಯೇಲ್ ವಿಶ್ವವಿದ್ಯಾಲಯದಲ್ಲಿ ಓದಿ, 1895ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯಿಂದ ಡಾಕ್ಟರ್ ಆಗಿ ಹೊರಬಂದ. ಯುರೋಪಿಗೂ ಹೋಗಿ, ಆಗ ಮಧುಮೇಹದ ವಿಷಯದಲ್ಲಿ ದೊಡ್ಡ ಹೆಸರಾಗಿದ್ದ ಜರ್ಮನ್ ವೈದ್ಯ ಬರ್ನ್‌ಹಾರ್ಡ್ ನೌನಿನ್ ಅವರ ಬಳಿ ಕಲಿತು ಬಂದರು. 1898ರಲ್ಲಿ ಬಾಸ್ಟನ್‌ನಲ್ಲಿ ಸ್ವಂತ ಪ್ರಾಕ್ಟೀಸ್ ಶುರು ಮಾಡಿದರು.

ವೈದ್ಯಕೀಯ ವಿದ್ಯಾರ್ಥಿಯಾಗಿದ್ದಾಗಲೇ, 1893ರಲ್ಲಿ, ಅವರು ಮಧುಮೇಹವಿದ್ದ ಒಬ್ಬ ಯುವತಿಯ ವಿವರವನ್ನು ಬರೆದುಕೊಂಡಿದ್ದರು. ಅದು ಮೊದಲ ಸಾಲು. ಆಮೇಲೆ ಬಂದ ಪ್ರತಿ ಮಧುಮೇಹಿಯ ವಿವರವೂ ದಪ್ಪ ಲೆಡ್ಜರ್ ಪುಸ್ತಕಕ್ಕೆ ಸೇರುತ್ತ ಹೋಯಿತು. ವಯಸ್ಸು, ತೂಕ, ಕಾಯಿಲೆ ಯಾವಾಗ ಕಾಣಿಸಿತು, ಏನು ಚಿಕಿತ್ಸೆ, ಎಷ್ಟು ವರ್ಷ ಬದುಕಿದರು, ಯಾವುದರಿಂದ ಸತ್ತರು. ಕಿರಾಣಿ ಅಂಗಡಿಯವರು ಉದ್ರಿ ಲೆಕ್ಕ ಬರೆಯುವಷ್ಟೇ ನಿಷ್ಠೆಯಿಂದ ಅವರು ಇದನ್ನು ಬರೆದರು. ಊರು ಬಿಟ್ಟು ಹೋದ ರೋಗಿಗಳಿಗೂ ಪತ್ರ ಬರೆದು ಹೇಗಿದ್ದಾರೆಂದು ವಿಚಾರಿಸುತ್ತಿದ್ದರು.

ಇದರಲ್ಲೇನು ವಿಶೇಷ ಎನ್ನಬಹುದು. ವಿಶೇಷ ಇದೆ. ಫಾರ್ವರ್ಡ್ ಸಂದೇಶದಲ್ಲಿ ಯಾವಾಗಲೂ ವಾಸಿಯಾದ ಒಬ್ಬರ ಕಥೆ ಇರುತ್ತದೆ. ಅದೇ ಕಷಾಯ ಕುಡಿದು ವಾಸಿಯಾಗದ ಉಳಿದವರ ಕಥೆ ಇರುವುದಿಲ್ಲ. ಸತ್ತವರು ಸಂದೇಶ ಕಳಿಸುವುದಿಲ್ಲವಲ್ಲ. ಜೋಸ್ಲಿನ್ ಅವರ ಲೆಡ್ಜರ್‌ನಲ್ಲಿ ಗೆದ್ದವರೂ ಇದ್ದರು, ಸೋತವರೂ ಇದ್ದರು. ಚಿಕಿತ್ಸೆ ಕೆಲಸ ಮಾಡುತ್ತದೆಯೋ ಇಲ್ಲವೋ ಎಂದು ತಿಳಿಯಲು ಎರಡೂ ಬೇಕು.

ತಾಯಿ ಬದುಕಿದರು, ಮಕ್ಕಳು ಬದುಕಲಿಲ್ಲ

ಆ ಪಟ್ಟಿಯಲ್ಲಿ ಜೋಸ್ಲಿನ್ ಅವರ ಸ್ವಂತ ತಾಯಿಯೂ ಸೇರಿದರು. ಪ್ರಾಕ್ಟೀಸ್ ಶುರುವಾದ ಸ್ವಲ್ಪ ಕಾಲದಲ್ಲೇ ಅವರಿಗೆ ಮಧುಮೇಹ ಪತ್ತೆಯಾಯಿತು. ಮಗ ಹೇಳಿದ ಪಥ್ಯವನ್ನು ಅವರು ಕಟ್ಟುನಿಟ್ಟಾಗಿ ಪಾಲಿಸಿದರು. ಇನ್ಸುಲಿನ್ ಇಲ್ಲದ ಆ ಕಾಲದಲ್ಲೂ ಹತ್ತು ವರ್ಷಕ್ಕಿಂತ ಹೆಚ್ಚು ಬದುಕಿದರು. ಆಗಿನ ಲೆಕ್ಕದಲ್ಲಿ ಅದು ದೊಡ್ಡ ಗೆಲುವು. ಪಥ್ಯದ ಮೇಲೆ ಜೋಸ್ಲಿನ್ ಅವರಿಗಿದ್ದ ನಂಬಿಕೆಗೆ ಬುಡ ಇಲ್ಲೂ ಇದೆ.

1916ರಲ್ಲಿ ಅವರು ತಮ್ಮ ಒಂದು ಸಾವಿರ ರೋಗಿಗಳ ಅನುಭವದ ಮೇಲೆ ಮಧುಮೇಹ ಚಿಕಿತ್ಸೆಯ ದೊಡ್ಡ ಪುಸ್ತಕ ಪ್ರಕಟಿಸಿದರು. ಊಟದ ಹತೋಟಿ ಮತ್ತು ವ್ಯಾಯಾಮದಿಂದ ಸಾವು ಕಡಿಮೆಯಾಗುತ್ತದೆ ಎಂಬುದನ್ನು ಅಂಕಿ ಅಂಶ ಇಟ್ಟು ತೋರಿಸಿದರು. ಮೈ ತೂಕ ಹೆಚ್ಚಾದವರಲ್ಲಿ ಈ ಕಾಯಿಲೆ ಹೆಚ್ಚು ಎಂಬುದೂ ಅವರ ಲೆಕ್ಕದಲ್ಲಿ ಎದ್ದು ಕಂಡಿತು. ಇವತ್ತು ಎಲ್ಲರೂ ಹೇಳುವ ಮಾತಿದು. ನೂರು ವರ್ಷದ ಹಿಂದೆ ಇದನ್ನು ಎಣಿಸಿ ಹೇಳಿದವರು ವಿರಳ.

ಹಾಗಾದರೆ ಫಾರ್ವರ್ಡ್ ಹೇಳಿದ್ದು ಸರಿಯಾಯಿತಲ್ಲ? ಸ್ವಲ್ಪ ತಡೆಯಿರಿ. ಅದೇ ಲೆಡ್ಜರ್‌ನಲ್ಲಿ ಮಕ್ಕಳ ಹೆಸರುಗಳೂ ಇದ್ದವು.

ಮಧುಮೇಹದಲ್ಲಿ ಮುಖ್ಯವಾಗಿ ಎರಡು ಬಗೆ ಎಂದು ಇಂದು ನಮಗೆ ಗೊತ್ತು. ಟೈಪ್ 2ರಲ್ಲಿ, ಹೆಚ್ಚಾಗಿ ದೊಡ್ಡವರಲ್ಲಿ ಬರುವಂಥದ್ದರಲ್ಲಿ, ಹೊಟ್ಟೆಯೊಳಗಿನ ಮೇದೋಜ್ಜೀರಕ ಗ್ರಂಥಿ ಇನ್ನೂ ಇನ್ಸುಲಿನ್ ತಯಾರಿಸುತ್ತಿರುತ್ತದೆ. ಆದರೆ ಅದು ಸಾಲುವುದಿಲ್ಲ, ಅಥವಾ ಮೈ ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. ಇಂಥವರು ಪಿಷ್ಟ, ಸಿಹಿ, ತೂಕ ಇಳಿಸಿದರೆ ಗ್ರಂಥಿಯ ಹೊರೆ ಇಳಿಯುತ್ತದೆ. ಟೈಪ್ 1ರಲ್ಲಿ, ಹೆಚ್ಚಾಗಿ ಮಕ್ಕಳಲ್ಲಿ ಮತ್ತು ಹರೆಯದವರಲ್ಲಿ ಬರುವಂಥದ್ದರಲ್ಲಿ, ಇನ್ಸುಲಿನ್ ತಯಾರಿಸುವ ಜೀವಕೋಶಗಳೇ ನಾಶವಾಗಿರುತ್ತವೆ. ಇನ್ಸುಲಿನ್ ಇಲ್ಲದೆ ರಕ್ತದ ಸಕ್ಕರೆ ಜೀವಕೋಶಗಳ ಒಳಗೆ ಸರಿಯಾಗಿ ಹೋಗಲಾರದು. ಮೈ ತನ್ನ ಕೊಬ್ಬನ್ನೂ ಮಾಂಸಖಂಡವನ್ನೂ ಕರಗಿಸುತ್ತದೆ. ಕೊಬ್ಬು ಕರಗಿದಾಗ ಬರುವ ಕೀಟೋನ್ ಎಂಬ ಆಮ್ಲಗಳು ರಕ್ತದಲ್ಲಿ ತುಂಬಿ, ಉಸಿರು ಏರಿ, ಪ್ರಜ್ಞೆ ತಪ್ಪಿ ರೋಗಿ ಸಾಯುತ್ತಾನೆ. ಆ ಕಾಲದಲ್ಲಿ ಕಾಯಿಲೆ ಪತ್ತೆಯಾದ ಮಗು ಸಾಮಾನ್ಯವಾಗಿ ಒಂದೆರಡು ವರ್ಷದಲ್ಲಿ ತೀರಿಕೊಳ್ಳುತ್ತಿತ್ತು.

1914ರ ಹೊತ್ತಿಗೆ ಫ್ರೆಡೆರಿಕ್ ಅಲೆನ್ ಎಂಬ ಅಮೆರಿಕನ್ ವೈದ್ಯರು ಒಂದು ಕಠಿಣ ದಾರಿ ಕಂಡುಹಿಡಿದರು. ಮೂತ್ರದಲ್ಲಿ ಸಕ್ಕರೆ ಹೋಗುವುದು ನಿಲ್ಲುವ ತನಕ ಉಪವಾಸ. ನಂತರ ಸಕ್ಕರೆ ಮತ್ತೆ ಕಾಣದಷ್ಟು ಮಾತ್ರ ಊಟ. ಜೋಸ್ಲಿನ್ ಅವರೂ ಈ ದಾರಿಯನ್ನು ಒಪ್ಪಿ ಅನುಸರಿಸಿದರು. ತರಕಾರಿಯನ್ನು ಮೂರು ಸಲ ಬೇಯಿಸಿ, ಪ್ರತಿ ಸಲ ನೀರು ಚೆಲ್ಲಿ, ಅದರಲ್ಲಿದ್ದ ಅಲ್ಪ ಪಿಷ್ಟವನ್ನೂ ತೆಗೆದು ಕೊಡುತ್ತಿದ್ದರು. ಹೊಟ್ಟೆ ತುಂಬಿದಂತಾಗಲಿ ಎಂಬುದಷ್ಟೇ ಅದರ ಉದ್ದೇಶ. ಕೆಲವರಿಗೆ ದಿನಕ್ಕೆ ಸಿಗುತ್ತಿದ್ದದ್ದು 500 ಕ್ಯಾಲೊರಿಗಿಂತ ಕಡಿಮೆ.

ಇದು ಬಡವರ ಮನೆಯ ಮಾತಷ್ಟೇ ಅಲ್ಲ. ಅಮೆರಿಕದ ವಿದೇಶಾಂಗ ಸಚಿವರಾಗಿದ್ದ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಅವರ ಮಗಳಿಗೆ ಟೈಪ್ 1 ಬಂದಿತ್ತು. ಅಲೆನ್ ಅವರ ಪಥ್ಯದಲ್ಲಿ ಮೂರು ವರ್ಷ ಜೀವ ಹಿಡಿದುಕೊಂಡ ಆ ಹುಡುಗಿಯ ತೂಕ, 1922ರ ಆಗಸ್ಟ್‌ನಲ್ಲಿ ಹದಿನೈದನೇ ವರ್ಷದ ಹೊಸ್ತಿಲಲ್ಲಿ, ಸುಮಾರು 20 ಕೆ.ಜಿ. ಹಣವಿತ್ತು, ಅಧಿಕಾರವಿತ್ತು, ದೇಶದ ಅತ್ಯುತ್ತಮ ವೈದ್ಯರಿದ್ದರು, ಪಥ್ಯದಲ್ಲಿ ಒಂದಿಷ್ಟೂ ಲೋಪವಿರಲಿಲ್ಲ. ಇಲ್ಲದ್ದು ಒಂದೇ, ಇನ್ಸುಲಿನ್.

ಬರೀ ಪಥ್ಯದಲ್ಲಿ ನಿಭಾಯಿಸಿದ ಕಾಲ ಎಂದರೆ ಇದು. ಕೆಲವು ದೊಡ್ಡವರಿಗೆ ಅದು ವರ್ಷಗಳನ್ನು ಕೊಟ್ಟಿತು. ಮಕ್ಕಳಿಗೆ ಸಾವನ್ನು ಸ್ವಲ್ಪ ಮುಂದಕ್ಕೆ ಹಾಕಿತು, ಅದೂ ಹಸಿವಿನಲ್ಲಿ.

1922ರ ಆಗಸ್ಟ್

ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ 1921ರ ಬೇಸಿಗೆಯಲ್ಲಿ ಫ್ರೆಡೆರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ನಾಯಿಗಳ ಮೇಲೆ ಪ್ರಯೋಗ ನಡೆಸಿ, ಮೇದೋಜ್ಜೀರಕದಿಂದ ತೆಗೆದ ರಸ ರಕ್ತದ ಸಕ್ಕರೆ ಇಳಿಸುತ್ತದೆ ಎಂದು ಕಂಡುಕೊಂಡರು. ಪ್ರೊಫೆಸರ್ ಜಾನ್ ಮೆಕ್‌ಲಿಯಡ್ ಅವರ ಪ್ರಯೋಗಾಲಯ ಅದು. ಜೇಮ್ಸ್ ಕಾಲಿಪ್ ಎಂಬ ರಸಾಯನ ವಿಜ್ಞಾನಿ ಆ ರಸವನ್ನು ಶುದ್ಧ ಮಾಡಿದರು. 1922ರ ಜನವರಿಯಲ್ಲಿ ಟೊರಾಂಟೊದ 14 ವರ್ಷದ ಹುಡುಗನೊಬ್ಬನಿಗೆ ಮೊದಲ ಇಂಜೆಕ್ಷನ್ ಕೊಟ್ಟರು. ಮೊದಲ ಸಲ ಅಷ್ಟಾಗಿ ಫಲ ಸಿಗಲಿಲ್ಲ. ಹನ್ನೆರಡು ದಿನದ ನಂತರ ಕಾಲಿಪ್ ಶುದ್ಧ ಮಾಡಿದ ಔಷಧ ಕೊಟ್ಟಾಗ ಹುಡುಗ ಚೇತರಿಸಿಕೊಂಡ.

ಔಷಧ ಕಂಪನಿಗಳ ಪಿತೂರಿ ಎನ್ನುವವರು ಇದನ್ನೂ ಕೇಳಬೇಕು. ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಮೂವರೂ ಇನ್ಸುಲಿನ್ ಹಕ್ಕನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಇವತ್ತು ಕೆಲವು ದೇಶಗಳಲ್ಲಿ ಇನ್ಸುಲಿನ್ ಬೆಲೆ ಜನರ ಕೈಗೆಟುಕುತ್ತಿಲ್ಲ ಎಂಬುದು ನಿಜವಾದ ದೂರು. ಅದನ್ನು ಕೇಳಲೇಬೇಕು. ಆದರೆ ಬೆಲೆ ಹೆಚ್ಚು ಎಂಬುದಕ್ಕೂ ಔಷಧವೇ ಮೋಸ ಎಂಬುದಕ್ಕೂ ಅಜಗಜಾಂತರ.

ಜೋಸ್ಲಿನ್ ಅವರಿಗೆ ಇನ್ಸುಲಿನ್ ಸಿಕ್ಕಿದ್ದು ಅದೇ ವರ್ಷ ಆಗಸ್ಟ್‌ನಲ್ಲಿ. ಆಗ ಅವರಿಗೆ 53 ವರ್ಷ. ಸುಮಾರು ಕಾಲು ಶತಮಾನ ಪಥ್ಯದ ಮೇಲೆಯೇ ಕೆಲಸ ಮಾಡಿ ಹೆಸರು ಗಳಿಸಿದ್ದರು. ನನ್ನ ವಿಧಾನ ಸಾಕು, ಈ ಹೊಸದೆಲ್ಲ ಬೇಡ ಎಂದಿದ್ದರೆ ಅವರ ಮಾತಿಗೆ ತಲೆದೂಗುವವರು ಬೇಕಾದಷ್ಟು ಇದ್ದರು. ಅವರು ಹಾಗೆ ಮಾಡಲಿಲ್ಲ. ಆಗಸ್ಟ್ 7ರಂದು ಅವರು ಆಯ್ದುಕೊಂಡದ್ದು ನಲವತ್ತರ ಆಸುಪಾಸಿನ ಒಬ್ಬ ನರ್ಸ್‌ ಅವರನ್ನು. ಐದು ವರ್ಷದ ಕಾಯಿಲೆ. ತೂಕ ಸುಮಾರು 32 ಕೆ.ಜಿ.ಗೆ ಇಳಿದಿತ್ತು. ತಿಂಗಳುಗಟ್ಟಲೆ ಮನೆಯಿಂದ ಹೊರಗೆ ಕಾಲಿಡಲು ಆಗಿರಲಿಲ್ಲ. ಇನ್ಸುಲಿನ್ ಶುರುವಾದ ಆರು ವಾರದಲ್ಲಿ ಆಕೆ ದಿನಕ್ಕೆ ನಾಲ್ಕು ಮೈಲಿ, ಅಂದರೆ ಆರು ಕಿಲೋಮೀಟರಿಗೂ ಹೆಚ್ಚು, ನಡೆಯುತ್ತಿದ್ದರು. ಆಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಬದುಕಿದರು.

ಬೈಬಲ್ಲಿನಲ್ಲಿ ಒಣಗಿದ ಎಲುಬುಗಳಿಗೆ ಮಾಂಸ ತುಂಬಿ ಜೀವ ಬರುವ ಪ್ರಸಂಗವಿದೆ. ಆ ದಿನಗಳಲ್ಲಿ ತಾವು ಕಂಡದ್ದನ್ನು ಜೋಸ್ಲಿನ್ ಅದಕ್ಕೆ ಹೋಲಿಸಿದರು. ಹ್ಯೂಸ್ ಅವರ ಮಗಳೂ ಅದೇ ತಿಂಗಳು ಟೊರಾಂಟೊಗೆ ಹೋಗಿ ಬ್ಯಾಂಟಿಂಗ್ ಅವರಿಂದ ಇನ್ಸುಲಿನ್ ಪಡೆದರು. ಅವರು ತೀರಿಕೊಂಡದ್ದು 1981ರಲ್ಲಿ, 73ನೇ ವಯಸ್ಸಿನಲ್ಲಿ.

ಒಂದು ರಥ, ಮೂರು ಕುದುರೆ

ಇಲ್ಲಿಗೆ ಕಥೆ ಮುಗಿದಿದ್ದರೆ, ಇನ್ಸುಲಿನ್ ಬಂತು, ಪಥ್ಯ ಹೋಯಿತು ಎನ್ನಬಹುದಿತ್ತು. ಆಗ ಅನೇಕರು ಹಾಗೇ ತಿಳಿದರು. ಪತ್ರಿಕೆಗಳಲ್ಲಿ ಮಧುಮೇಹ ವಾಸಿಯಾಯಿತು ಎಂಬ ಸುದ್ದಿ ಬಂತು. ಸೂಜಿ ಚುಚ್ಚಿಕೊಂಡರೆ ಏನು ಬೇಕಾದರೂ ತಿನ್ನಬಹುದು ಎಂಬ ಭಾವನೆ ಹರಡಿತು.

ಜೋಸ್ಲಿನ್ ಅದನ್ನೂ ಒಪ್ಪಲಿಲ್ಲ. ಇನ್ಸುಲಿನ್ ಕಾಯಿಲೆಯನ್ನು ವಾಸಿ ಮಾಡುವುದಿಲ್ಲ, ಇಲ್ಲದ್ದನ್ನು ತುಂಬಿಕೊಡುತ್ತದೆ, ಅಷ್ಟೇ. ಅವರು ಇದಕ್ಕೆ ಒಂದು ಹೋಲಿಕೆ ಕೊಡುತ್ತಿದ್ದರು. ಮಧುಮೇಹಿಯ ಬದುಕು ಮೂರು ಕುದುರೆ ಕಟ್ಟಿದ ರಥ. ಒಂದು ಕುದುರೆ ಊಟದ ಹತೋಟಿ, ಒಂದು ವ್ಯಾಯಾಮ, ಒಂದು ಇನ್ಸುಲಿನ್. ಸಾರಥಿ ರೋಗಿಯೇ. ಒಂದು ಕುದುರೆ ಓಡಿಸಲು ಮನಸ್ಸಿದ್ದರೆ ಸಾಕು, ಎರಡಕ್ಕೆ ಬುದ್ಧಿಯೂ ಬೇಕು, ಮೂರನ್ನೂ ಒಂದೇ ಹದದಲ್ಲಿ ಎಳೆಯುವಂತೆ ಮಾಡಲು ಒಳ್ಳೆಯ ಪಳಗಿದ ಕೈ ಬೇಕು ಎನ್ನುವುದು ಅದರ ಅರ್ಥ.

ಈ ಮೂರೂ ಒಂದರ ಮೇಲೊಂದು ಹೇಗೆ ಕೆಲಸ ಮಾಡುತ್ತವೆ ಎಂದು ನೋಡೋಣ. ಊಟ ಮಾಡಿದಾಗ ರಕ್ತದ ಸಕ್ಕರೆ ಏರುತ್ತದೆ. ಇನ್ಸುಲಿನ್ ಅದನ್ನು ಜೀವಕೋಶಗಳಿಗೆ ಸೇರಿಸಿ ಇಳಿಸುತ್ತದೆ. ನಡೆದಾಗ, ಕೆಲಸ ಮಾಡಿದಾಗ, ಮಾಂಸಖಂಡಗಳು ಸಕ್ಕರೆಯನ್ನು ಹೆಚ್ಚು ಎಳೆದುಕೊಳ್ಳುತ್ತವೆ. ಇನ್ಸುಲಿನ್‌ಗೆ ಮೈ ಸ್ಪಂದಿಸುವುದೂ ಸುಧಾರಿಸುತ್ತದೆ. ಹೀಗಾಗಿ ಇನ್ಸುಲಿನ್ ತೆಗೆದುಕೊಂಡು ಊಟ ಬಿಟ್ಟರೆ, ಅಥವಾ ದಿನಕ್ಕಿಂತ ಬಹಳ ಹೆಚ್ಚು ದುಡಿದರೆ, ಸಕ್ಕರೆ ಅತಿಯಾಗಿ ಕುಸಿಯಬಹುದು. ಇನ್ಸುಲಿನ್ ಪೂರ್ತಿ ಇಲ್ಲದ ಟೈಪ್ 1 ರೋಗಿ ಹೆಚ್ಚು ವ್ಯಾಯಾಮ ಮಾಡಿದರೆ ಇಳಿಯುವುದರ ಬದಲು ಸಕ್ಕರೆಯೂ ಕೀಟೋನ್‌ಗಳೂ ಏರಬಹುದು. ಒಂದು ಕುದುರೆಯನ್ನು ಬಿಚ್ಚಿದರೆ ರಥ ನಿಧಾನವಾಗುವುದಷ್ಟೇ ಅಲ್ಲ, ವಾಲುತ್ತದೆ.

ರೋಗಿಗೂ ಪಾಠ

ಸಾರಥಿ ರೋಗಿಯೇ ಎಂದ ಮೇಲೆ ರೋಗಿಗೆ ಕಲಿಸಬೇಕಲ್ಲ. ಜೋಸ್ಲಿನ್ ಅವರ ಅತಿ ದೊಡ್ಡ ಕೆಲಸ ಇದೇ ಎಂದು ನಮಗೆ ಅನ್ನಿಸುತ್ತದೆ. ಇನ್ಸುಲಿನ್ ಬರುವ ಮೊದಲೇ, 1918ರಲ್ಲಿ, ಅವರು ವೈದ್ಯರೂ ರೋಗಿಗಳೂ ಇಬ್ಬರೂ ಓದುವಂಥ ಕೈಪಿಡಿ ಬರೆದರು. ರೋಗಿ ಹೇಳಿದಷ್ಟು ಕೇಳಿಕೊಂಡಿದ್ದರೆ ಸಾಕು ಎಂದು ವೈದ್ಯರು ತಿಳಿದಿದ್ದ ಕಾಲವದು. ತನ್ನ ಕಾಯಿಲೆಯ ಬಗ್ಗೆ ಹೆಚ್ಚು ತಿಳಿದವರೇ ಹೆಚ್ಚು ಕಾಲ ಬದುಕುತ್ತಾರೆ ಎಂಬುದು ಜೋಸ್ಲಿನ್ ಅವರ ಅನುಭವವಾಗಿತ್ತು.

ಅವರ ಆಸ್ಪತ್ರೆಯಲ್ಲಿ ರೋಗಿಗಳಿಗೆ ತರಗತಿ ನಡೆಯುತ್ತಿತ್ತು. ಊಟವನ್ನು ತಕ್ಕಡಿಯಲ್ಲಿ ತೂಗುವುದು, ಗಾಜಿನ ಸಿರಿಂಜು ಮತ್ತು ಸೂಜಿ ಕುದಿಸುವುದು, ಸೂಜಿ ಚುಚ್ಚಿಕೊಳ್ಳುವುದು, ಮೂತ್ರವನ್ನು ತಾವೇ ಪರೀಕ್ಷಿಸುವುದು. ಈಗಿನ ಗ್ಲುಕೋಮೀಟರ್ ಆಗ ಇರಲಿಲ್ಲ. ಬೆನೆಡಿಕ್ಟ್ ದ್ರಾವಣಕ್ಕೆ ಕೆಲವು ಹನಿ ಮೂತ್ರ ಹಾಕಿ ಕಾಯಿಸಬೇಕು. ನೀಲಿಯಾಗೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ, ಇಟ್ಟಿಗೆ ಕೆಂಪು ಆಗುತ್ತ ಹೋದಷ್ಟೂ ಸಕ್ಕರೆ ಹೆಚ್ಚು. ಕಾಲೇಜಿನಲ್ಲಿ ವಿಜ್ಞಾನ ಓದಿದವರಿಗೆ ಈ ಬಣ್ಣಗಳು ನೆನಪಿರಬಹುದು. ಪಾಠ ಹೇಳಲೆಂದೇ ಅವರು ನರ್ಸ್‌ಗಳನ್ನು ತಯಾರು ಮಾಡಿ, ರೋಗಿಗಳ ಮನೆಗೂ ಕಳಿಸುತ್ತಿದ್ದರು.

ಪಾದಗಳ ಬಗ್ಗೆ ಅವರಿಗೆ ವಿಶೇಷ ಕಾಳಜಿ. ಮಧುಮೇಹಿಗಳ ಕಾಲು ಗಾಯವಾಗಿ, ಕೊಳೆತು, ಕತ್ತರಿಸುವ ಸ್ಥಿತಿ ಬರುವುದು ಹಣೆಬರಹ ಎಂದು ಎಲ್ಲರೂ ಸುಮ್ಮನಿದ್ದಾಗ, ಅದು ಹಣೆಬರಹವಲ್ಲ, ಪಾದ ತೊಳೆದು, ಒರೆಸಿ, ದಿನಾ ನೋಡಿಕೊಂಡರೆ ಬಹುಪಾಲು ತಪ್ಪಿಸಬಹುದು ಎಂದು ಅವರು ವಾದಿಸಿದರು.

1924ರಲ್ಲಿ ಪ್ರಿಸಿಲ್ಲಾ ವೈಟ್ ಎಂಬ ಯುವ ವೈದ್ಯೆ ಅವರ ಜೊತೆ ಸೇರಿದರು. ಮಧುಮೇಹವಿದ್ದ ಮಕ್ಕಳ ಮತ್ತು ಗರ್ಭಿಣಿಯರ ಚಿಕಿತ್ಸೆಯಲ್ಲಿ ಮುಂದೆ ಅವರದೇ ದೊಡ್ಡ ಹೆಸರಾಯಿತು. 1932ರಲ್ಲಿ ಜೋಸ್ಲಿನ್ ಅವರ ಹುಟ್ಟೂರಿನ ಬಳಿಯೇ ಮಧುಮೇಹವಿದ್ದ ಹೆಣ್ಣುಮಕ್ಕಳಿಗಾಗಿ ಬೇಸಿಗೆ ಶಿಬಿರ ಶುರುವಾಯಿತು. ಹತ್ತು ವರ್ಷದ ಹಿಂದೆ ಹಾಸಿಗೆ ಹಿಡಿದು ಸಾಯುತ್ತಿದ್ದ ವಯಸ್ಸಿನ ಮಕ್ಕಳು ಅಲ್ಲಿ ಈಜುತ್ತ, ಓಡುತ್ತ, ತಮ್ಮ ಇಂಜೆಕ್ಷನ್ ತಾವೇ ತೆಗೆದುಕೊಳ್ಳುವುದನ್ನು ಕಲಿತರು.

ಗೊತ್ತಿಲ್ಲದೆ ಕೂತ ಕಾಯಿಲೆ

ಜೋಸ್ಲಿನ್ 1921ರಲ್ಲಿ ಬರೆದ ಒಂದು ಲೇಖನದಲ್ಲಿ, ಒಂದು ಊರಿನ ಅಗಲ ಬೀದಿಯಲ್ಲಿ ಅಕ್ಕಪಕ್ಕವಿದ್ದ ಮೂರು ಮನೆಗಳ ವಿಷಯ ಬರುತ್ತದೆ. ಆ ಮನೆಗಳಲ್ಲಿ ಒಬ್ಬರಾದ ಮೇಲೊಬ್ಬರು ಬಾಳಿದ ಏಳು ಯಜಮಾನ ಯಜಮಾನತಿಯರಲ್ಲಿ ಆರು ಮಂದಿ ಮಧುಮೇಹದಿಂದ ಸತ್ತಿದ್ದರು. ಇದೇ ಆರು ಸಾವು ಟೈಫಾಯಿಡ್‌ನಿಂದ ಆಗಿದ್ದರೆ ಆರೋಗ್ಯ ಇಲಾಖೆ ಓಡಿಬರುತ್ತಿತ್ತು, ಊರಿಗೆ ಊರೇ ಗಾಬರಿಯಾಗುತ್ತಿತ್ತು. ಮಧುಮೇಹವಾದ್ದರಿಂದ ಯಾರೂ ತಿರುಗಿ ನೋಡಲಿಲ್ಲ. ಅವರನ್ನು ಕಾಡಿದ್ದು ಇದೇ.

1946–47ರಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆ ಅವರ ಹುಟ್ಟೂರು ಆಕ್ಸ್‌ಫರ್ಡ್‌ನಲ್ಲೇ ಸಮೀಕ್ಷೆ ನಡೆಸಿತು. ಸುಮಾರು 3,500 ಜನರ ರಕ್ತ, ಮೂತ್ರ ಪರೀಕ್ಷೆಯಾಯಿತು. 70 ಮಂದಿಗೆ ಮಧುಮೇಹವಿತ್ತು. ಅವರಲ್ಲಿ 30 ಮಂದಿಗೆ ತಮಗೆ ಕಾಯಿಲೆ ಇದೆ ಎಂಬುದೇ ಗೊತ್ತಿರಲಿಲ್ಲ. ನನಗೇನೂ ಆಗಿಲ್ಲ, ನಾನು ಚೆನ್ನಾಗೇ ಇದ್ದೇನೆ ಎಂಬ ಮಾತಿನ ಮೇಲೆ ಶುಗರ್ ವಿಷಯದಲ್ಲಿ ಭರವಸೆ ಇಡಬಾರದು ಎನ್ನಲು ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ವಾದ ಗೆದ್ದದ್ದು ಸತ್ತ ಮೇಲೆ

ಜೋಸ್ಲಿನ್ ಅವರನ್ನು ಎಲ್ಲರೂ ಒಪ್ಪಿದ್ದರು ಎಂದಲ್ಲ. ಅವರು ಬಹಳ ಕಟ್ಟುನಿಟ್ಟು. ಸಕ್ಕರೆ ಏರಿದರೆ ಅದು ರೋಗಿಯ ತಪ್ಪೇ ಎಂಬಂಥ ದನಿ ಅವರ ಮಾತಿನಲ್ಲಿ ಇರುತ್ತಿತ್ತು. ಪ್ರಯತ್ನ ಮಾಡಿಯೂ ಸಕ್ಕರೆ ಹತೋಟಿಗೆ ಬರದವರಿಗೆ ಅದು ನೋವು ಕೊಟ್ಟಿರಲೂ ಸಾಕು. ಇವತ್ತಿನ ಒಳ್ಳೆಯ ವೈದ್ಯರು ಹಾಗೆ ರೋಗಿಯನ್ನು ದೂರುವುದಿಲ್ಲ.

ಇನ್ನೊಂದು ಕಡೆ, 1940–50ರ ದಶಕದಲ್ಲಿ ಕೆಲವು ವೈದ್ಯರು ಇಷ್ಟು ಕಟ್ಟುಪಾಡು ಬೇಡ ಎಂದರು. ತೂಕ ಇಳಿಯದೆ, ಕೀಟೋನ್ ಕಾಣದೆ, ಆರಾಮಾಗಿದ್ದರೆ ಸಕ್ಕರೆ ಸ್ವಲ್ಪ ಹೆಚ್ಚಿದ್ದರೂ ಚಿಂತೆಯಿಲ್ಲ ಎಂಬುದು ಅವರ ವಾದ. ಆ ಹೊತ್ತಿಗೆ ಇನ್ಸುಲಿನ್‌ನಿಂದ ಹೆಚ್ಚು ವರ್ಷ ಬದುಕಿದವರಲ್ಲಿ ಹೊಸ ತೊಂದರೆಗಳು ಕಾಣುತ್ತಿದ್ದವು. ಕಣ್ಣು ಮಂಜಾಗುವುದು, ಕಿಡ್ನಿ ಸೋಲುವುದು, ಕಾಲು ಮರಗಟ್ಟುವುದು. ಸಕ್ಕರೆಯನ್ನು ಹತೋಟಿಯಲ್ಲಿಟ್ಟರೆ ಇವನ್ನು ತಡೆಯಬಹುದು ಎಂದು ಜೋಸ್ಲಿನ್ ಹೇಳುತ್ತಲೇ ಇದ್ದರು. ಅವರ ಬಳಿ ಲೆಡ್ಜರ್ ಇತ್ತು. ಎದುರಾಳಿಗಳ ಬಾಯಿ ಮುಚ್ಚಿಸುವಂಥ ಪ್ರಯೋಗ ಇರಲಿಲ್ಲ. 1962ರ ಜನವರಿ 28ರಂದು, 92ನೇ ವಯಸ್ಸಿನಲ್ಲಿ ಅವರು ತೀರಿಕೊಂಡಾಗಲೂ ವಾದ ಮುಗಿದಿರಲಿಲ್ಲ.

ತೀರ್ಪು ಬಂದದ್ದು 1993ರಲ್ಲಿ. ಅಮೆರಿಕ ಮತ್ತು ಕೆನಡಾದಲ್ಲಿ ಟೈಪ್ 1 ಇದ್ದ 1,441 ಜನರನ್ನು ಎರಡು ಗುಂಪು ಮಾಡಿ, ಸರಾಸರಿ ಆರೂವರೆ ವರ್ಷ ಗಮನಿಸಿದ ದೊಡ್ಡ ಅಧ್ಯಯನ ಅದು. ಒಂದು ಗುಂಪು ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟಿತು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಅವರದು ಸುಮಾರು 7, ಇನ್ನೊಂದು ಗುಂಪಿನದು ಸುಮಾರು 9. ಮೊದಲೇ ಕಣ್ಣಿನ ತೊಂದರೆ ಇಲ್ಲದವರಲ್ಲಿ ಅದು ಹೊಸದಾಗಿ ಬರುವ ಅಪಾಯ ಬಿಗಿ ಹತೋಟಿಯ ಗುಂಪಿನಲ್ಲಿ ಶೇ 76ರಷ್ಟು ಕಡಿಮೆಯಾಯಿತು. ಕಿಡ್ನಿ ಮತ್ತು ನರಗಳ ತೊಂದರೆಯೂ ಗಣನೀಯವಾಗಿ ಇಳಿಯಿತು. ಜೊತೆಗೆ ಒಂದು ಎಚ್ಚರಿಕೆಯೂ ಸಿಕ್ಕಿತು. ಬಿಗಿ ಹತೋಟಿಯ ಗುಂಪಿನಲ್ಲಿ ಸಕ್ಕರೆ ಅಪಾಯಕಾರಿಯಾಗಿ ಕುಸಿಯುವುದು ಸುಮಾರು ಮೂರು ಪಟ್ಟು ಹೆಚ್ಚಿತ್ತು. ಐದು ವರ್ಷದ ನಂತರ ಬ್ರಿಟನ್ನಿನ ದೊಡ್ಡ ಅಧ್ಯಯನವೊಂದು ಟೈಪ್ 2ರಲ್ಲೂ ಹತೋಟಿಯಿಂದ ಇಂಥ ಲಾಭವಿದೆ ಎಂದು ತೋರಿಸಿತು.

ಹಾಗಾದರೆ ಆ ಫಾರ್ವರ್ಡ್?

ಈಗ ಮೊದಲಿಗೆ ಹೇಳಿದ ಸಂದೇಶಕ್ಕೆ ಬರೋಣ.

ಇನ್ಸುಲಿನ್ ಚಟವೇ? ಅಲ್ಲ. ಅದು ಆರೋಗ್ಯವಂತರ ಮೈ ಪ್ರತಿದಿನ ತಾನೇ ತಯಾರಿಸಿಕೊಳ್ಳುವ ವಸ್ತು. ಟೈಪ್ 1ರಲ್ಲಿ ಅದು ಜೀವನಪೂರ್ತಿ ಬೇಕು, ಏಕೆಂದರೆ ಮೈಯಲ್ಲಿ ತಯಾರಾಗುತ್ತಿಲ್ಲ. ಟೈಪ್ 2ರಲ್ಲಿ ವರ್ಷಗಳು ಕಳೆದಂತೆ ಗ್ರಂಥಿ ಸೋತಾಗ ಬೇಕಾಗಬಹುದು. ಆಪರೇಷನ್, ಗರ್ಭ, ಸೋಂಕಿನ ಸಮಯದಲ್ಲಿ ಸ್ವಲ್ಪ ಕಾಲ ಕೊಟ್ಟು ನಿಲ್ಲಿಸುವುದೂ ಉಂಟು. ಚಟವಾಗಿದ್ದರೆ ಹಾಗೆ ನಿಲ್ಲಿಸಲು ಆಗುತ್ತಿರಲಿಲ್ಲ.

ಪಥ್ಯದಿಂದ ಪ್ರಯೋಜನವಿಲ್ಲವೇ? ಖಂಡಿತ ಇದೆ. ಟೈಪ್ 2ರ ಆರಂಭದಲ್ಲಿ ಚೆನ್ನಾಗಿ ತೂಕ ಇಳಿಸಿದ ಕೆಲವರಿಗೆ ಔಷಧವಿಲ್ಲದೆಯೇ ಸಕ್ಕರೆ ಹತೋಟಿಗೆ ಬರುತ್ತದೆ. ಆದರೆ ಮಾತ್ರೆ, ಇನ್ಸುಲಿನ್ ಕಡಿಮೆ ಮಾಡುವುದು ರಕ್ತಪರೀಕ್ಷೆ ನೋಡಿ ವೈದ್ಯರು ಮಾಡಬೇಕಾದ ಕೆಲಸ. ಇನ್ನು, ರಾಗಿಮುದ್ದೆಯಲ್ಲೂ ಪಿಷ್ಟವಿದೆ, ಬೆಲ್ಲವೂ ಸಕ್ಕರೆಯೇ. ಯಾವುದು ಎಂಬುದರಷ್ಟೇ ಎಷ್ಟು ಎಂಬುದೂ ಮುಖ್ಯ. ಹಾಗಲಕಾಯಿ ಪಲ್ಯ ಒಳ್ಳೆಯ ಪಲ್ಯ, ತಿನ್ನಿ. ಅದು ಇನ್ಸುಲಿನ್‌ನ ಜಾಗ ತುಂಬುವುದಿಲ್ಲ.

ಇನ್ಸುಲಿನ್ ತೆಗೆದುಕೊಳ್ಳುವವರ ಮನೆಯಲ್ಲಿ ಎಲ್ಲರಿಗೂ ಎರಡು ಸಂಗತಿ ಗೊತ್ತಿರಲಿ. ಬೆವರು, ನಡುಕ, ವಿಪರೀತ ಹಸಿವು, ಮಂಕು ಕವಿದಂತಾದರೆ ಸಕ್ಕರೆ ಕುಸಿದಿರಬಹುದು. ಎಚ್ಚರವಿದ್ದರೆ ತಕ್ಷಣ ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ನೀರಿಗೆ ಹಾಕಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಎರಡನೆಯದು, ವಿಪರೀತ ಬಾಯಾರಿಕೆ, ವಾಂತಿ, ಹೊಟ್ಟೆನೋವು, ಜೋರು ಉಸಿರಾಟ, ಉಸಿರಿನಲ್ಲಿ ಹಣ್ಣಿನಂಥ ವಾಸನೆ ಕಂಡರೆ ಕೀಟೋನ್ ಏರಿರಬಹುದು. ಟೈಪ್ 1 ಇರುವವರು ಇನ್ಸುಲಿನ್ ಬಿಟ್ಟರೆ ಒಂದೆರಡು ದಿನದಲ್ಲೇ ಈ ಸ್ಥಿತಿ ಬರಬಹುದು. ಮನೆಮದ್ದು ಮಾಡುತ್ತ ಕೂರುವ ಹೊತ್ತಲ್ಲ ಅದು.

ಆ ಫಾರ್ವರ್ಡ್ ಬರೆದವರಿಗೆ ಕೆಟ್ಟ ಉದ್ದೇಶ ಇರಲಿಕ್ಕಿಲ್ಲ. ಕಳಿಸಿದವರಿಗಂತೂ ಇರುವುದಿಲ್ಲ. ಚಿಕ್ಕಪ್ಪನೋ ದೊಡ್ಡಮ್ಮನೋ ಪ್ರೀತಿಯಿಂದಲೇ ಕಳಿಸಿರುತ್ತಾರೆ. ಆದರೆ ಅದನ್ನು ಓದಿ ಸೂಜಿ ಬಿಸಾಕುವವರು ಟೈಪ್ 1 ಇರುವ ಹುಡುಗಿಯ ಅಪ್ಪ ಅಮ್ಮ ಆಗಿದ್ದರೆ, ಅವರು ಮಗುವನ್ನು 1921ಕ್ಕೆ ವಾಪಸ್ ಕಳಿಸುತ್ತಿದ್ದಾರೆ. ಅಲ್ಲಿ ಏನಾಗುತ್ತಿತ್ತು ಎಂಬುದು ಜೋಸ್ಲಿನ್ ಅವರ ಲೆಡ್ಜರ್‌ನಲ್ಲಿ ಬರೆದಿದೆ.

ಮುಂದಿನ ಸಲ ಆ ಸಂದೇಶ ನಿಮ್ಮ ಕುಟುಂಬದ ಗುಂಪಿಗೆ ಬಂದರೆ ಜಗಳ ಬೇಡ. ಅದರ ಕೆಳಗೆ ಈ ಲೇಖನ ಹಾಕಿ. ಆಮೇಲೆ ಮನೆಯಲ್ಲಿ ಶುಗರ್ ಇರುವವರಿಗೆ ಒಂದು ಫೋನ್ ಮಾಡಿ, ಇವತ್ತು ಊಟ ಆಯಿತೇ, ವಾಕಿಂಗ್ ಹೋಗಿದ್ದಿರೇ, ಇನ್ಸುಲಿನ್ ತೆಗೆದುಕೊಂಡಿರೇ ಎಂದು ಮೂರನ್ನೂ ಕೇಳಿ.